ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ ತೋರಿಸಿದರೆ ನಂಬಬೇಡಿ

ಇನ್ನೂ ಮೈ ಉರಿಯುತ್ತಿದೆ. ಮೂರು ಸಲ ದುಡ್ಡು ಕೊಟ್ಟೆ, ಮೂರು ಸಲವೂ ಸುಮ್ನೆ.

ನನ್ನ ಪೆಟ್ರೋಲ್ ಕಾರು ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಓಡಿಸಿ ನಿಲ್ಲಿಸಿ 15 ನಿಮಿಷ ಬಿಟ್ಟು ಬಂದರೆ ಮಾತ್ರ 8-10 ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಮೈಲೇಜೂ ಇಳಿದಿತ್ತು. ಗ್ಯಾರೇಜಿನವರಿಗೆ ಎಲ್ಲ ಹೇಳಿದ್ದೆ. ಬಿಸಿ ಇದ್ದಾಗ ಮಾತ್ರ ಹೀಗೆ ಅಂತ ಒತ್ತಿ ಒತ್ತಿ ಹೇಳಿದ್ದೆ.

ಮೊದಲು ಬ್ಯಾಟರಿ ಬದಲಾಯಿಸಿದರು. ಆಮೇಲೆ ಸೆಲ್ಫ್ ಮೋಟರ್. ಸೆಲ್ಫ್ ಚೆನ್ನಾಗೇ ತಿರುಗುತ್ತಿದೆಯಲ್ಲ ಅಂದರೆ, "ಒಂದೊಂದೇ ಹಾಕಿ ನೋಡ್ಬೇಕು ಸಾರ್" ಅಂದರು. ಕೊನೆಗೆ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್. ಒಮ್ಮೆಯಾದರೂ ಗೇಜ್ ಹಾಕಿ ಪೆಟ್ರೋಲ್ ಪ್ರೆಶರ್ ಅಳೆದು ನೋಡಿದ್ದು ಕಾಣೆ.

ಮಾರನೇ ದಿನ ಬೆಳಗ್ಗೆ ಕರೆದು ಕೀ ತಿರುಗಿಸಿ ತೋರಿಸಿದರು. "ನೋಡಿ ಸಾರ್, ಟಕ್ ಅಂತ ಬಂತು!" ಬಂತು, ನಿಜ. ಖುಷಿಯಿಂದ ದುಡ್ಡು ಕೊಟ್ಟೆ. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ರಾತ್ರಿಯಿಡೀ ನಿಂತಿದ್ದ ಗಾಡಿ! ಬೆಳಗ್ಗೆ ಅದು ಯಾವತ್ತೂ ಸ್ಟಾರ್ಟ್ ಆಗುತ್ತಿತ್ತಲ್ಲ! ಬಾನೆಟ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ, ಆದರೂ ಹೊಳೆಯಲಿಲ್ಲ. ಅದೇ ಸಂಜೆ ಮತ್ತೆ ಅದೇ ಕಥೆ.

ಬೇರೆ ಮೆಕ್ಯಾನಿಕ್, ಗಾಡಿಯ ಸೆನ್ಸರ್‌ಗಳ ರೀಡಿಂಗ್ ತೋರಿಸುವ ಸ್ಕ್ಯಾನರ್ ಹಾಕಿದರು. ಬಾನೆಟ್ ಮುಟ್ಟೋಕಾಗದಷ್ಟು ಬಿಸಿ, ಸ್ಕ್ರೀನ್ ಮೇಲೆ 24 ಡಿಗ್ರಿ. ಸುಮಾರು 90 ಇರಬೇಕಿತ್ತು. ಇಂಜಿನ್ ಎಷ್ಟು ಬಿಸಿ ಅಂತ ಹೇಳುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಕೆಟ್ಟಿತ್ತು. ಇಂಜಿನ್ ತಣ್ಣಗಿದೆ ಅಂದುಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಬಿಡುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಆಗ ಇಸಿಯು ಪೆಟ್ರೋಲ್ ಬಿಡುವುದನ್ನು ತಡೆಯುತ್ತದೆ ಅಂದರು, ಬೇಗ ಹತ್ತಿಕೊಂಡಿತು. ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್. ಹಾಕಿದ ಮೇಲೆ ತೊಂದರೆಯೇ ಇಲ್ಲ.

ಎಲ್ಲರಿಗೂ ಇದೇ ಸೆನ್ಸರ್ ಅಂತಲ್ಲ. ಲೀಕ್ ಆಗುವ ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಪಾರ್ಟ್), ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್), ನಿಲ್ಲಿಸಿದ ಮೇಲೆ ಇಳಿದುಹೋಗುವ ಪೆಟ್ರೋಲ್ ಪ್ರೆಶರ್, ಏನು ಬೇಕಾದರೂ ಇರಬಹುದು. ಆದರೆ ಪರೀಕ್ಷೆ ಮಾಡದೆ ಪಾರ್ಟ್ ಹಾಕಲು ಬಿಡಬೇಡಿ. ಗಾಡಿ ವಾಪಸ್ ತಗೊಳ್ಳುವಾಗ ಓಡಿಸಿ ಬಿಸಿ ಮಾಡಿ, 15 ನಿಮಿಷ ನಿಲ್ಲಿಸಿ, ನೀವೇ ಸ್ಟಾರ್ಟ್ ಮಾಡಿ. ಆಮೇಲೆ ದುಡ್ಡು.

ಮೊದಲಿನ ಗ್ಯಾರೇಜಿಗೆ ಫೋನ್ ಮಾಡಿದರೆ ಏನಂದರು ಗೊತ್ತಾ? "ಪಂಪ್ ಹೇಗೂ ಹೋಗ್ತಿತ್ತು ಸಾರ್, ಈಗಲೇ ಹಾಕ್ಸಿದ್ದು ಒಳ್ಳೇದಾಯ್ತು." ಹಳೇ ಪಂಪ್ ಕೊಡಿ ಅಂದೆ. "ಗುಜರಿಗೆ ಹಾಕಿಬಿಟ್ವಿ." ಹಳೇ ಪಾರ್ಟ್ ವಾಪಸ್ ಬೇಕು ಅಂತ ಗಾಡಿ ಬಿಡುವಾಗಲೇ ಬರೆಸಿಬಿಡಿ.