ಕಾಲು ನೆಲಕ್ಕಿಡುವ ಊರಿಗೆ ಯಾವ ಪೆಡಲ್?

ಸೈಕಲ್ ಪೆಡಲ್ ಬಗ್ಗೆ ಯಾರನ್ನೇ ಕೇಳಿ, ಮಾತು ಶುರುವಾಗೋದು ಪವರ್‌ನಿಂದ. ತಳದಲ್ಲಿ ಕ್ಲೀಟ್ (ಪೆಡಲ್‌ನ ಕೊಂಡಿಗೆ ಕಚ್ಚಿಕೊಳ್ಳೋ ತುಂಡು) ಇರೋ ಶೂ ಹಾಕಿದರೆ ಕಾಲು ಮೇಲಕ್ಕೆಳೆದಾಗಲೂ ಸೈಕಲ್ ಮುಂದೆ ಹೋಗುತ್ತೆ, ತುಳಿದಿದ್ದೆಲ್ಲ ಚಕ್ರಕ್ಕೇ ಸೇರುತ್ತೆ ಅಂತೆಲ್ಲ. ಹಾಸನದಿಂದ ಹೊಳೆನರಸೀಪುರದ ಕಡೆ ಹೋಗೋರಿಗೆ ಆ ಮಾತು ಸಾಕಾಗಬಹುದು. ಚಿಕ್ಕಮಗಳೂರಲ್ಲಿ ಕೈಮರ ದಾಟಿ ಗಿರಿ ಹತ್ತೋಕೆ ಶುರು ಮಾಡಿದರೆ, ಇಲ್ಲಾ ಆಲ್ದೂರು ಕಡೆಯ ತೋಟದ ರಸ್ತೆಗೆ ಇಳಿದರೆ, ಕೇಳಬೇಕಾದ್ದು ಬೇರೆ. ಕಾಲು ಎಷ್ಟು ಬೇಗ ಪೆಡಲ್ ಬಿಟ್ಟು ನೆಲಕ್ಕೆ ಬರುತ್ತೆ? ಬಂದ ಕಾಲು ನೆಲದ ಮೇಲೆ ನಿಲ್ಲುತ್ತಾ? ಏರಿನಲ್ಲೇ ನಿಂತವರು ಏರಿನಲ್ಲೇ ಮತ್ತೆ ಹೊರಡಬಹುದಾ? ನಾನು ಪೆಡಲ್ ಮತ್ತು ಶೂಗಳನ್ನ ತೂಗಿ ನೋಡಿದ್ದು ಈ ಮೂರು ಪ್ರಶ್ನೆ ಇಟ್ಟುಕೊಂಡು. ಸೈಕಲ್ ಮಾತ್ರ ಒಂದೇ: ಸ್ವಲ್ಪ ದಪ್ಪ ಟೈರಿನ ಹೈಬ್ರಿಡ್.

ಮೊದಲು ಸಾದಾ ಪೆಡಲ್. ಸೈಕಲ್ ಜೊತೆ ಬರೋ ಪ್ಲಾಸ್ಟಿಕ್ ಪೆಡಲ್‌ನ ಲೆಕ್ಕಕ್ಕೆ ತಗೊಳ್ಳೋದೇ ಬೇಡ, ಒಂದು ಹದ ಮಳೆ ಬಿದ್ದರೆ ಅದರ ಮೇಲೆ ಕಾಲು ನಿಲ್ಲಲ್ಲ. ನಾನು ಹೇಳ್ತಿರೋದು ಅಗಲವಾದ, ಮೇಲೆ ಸಣ್ಣ ಸಣ್ಣ ಪಿನ್ ಇರೋ ಪೆಡಲ್. ಪಿನ್ನು ಶೂ ತಳದ ರಬ್ಬರ್‌ಗೆ ಕಚ್ಚಿಕೊಳ್ಳುತ್ತೆ, ಪಕ್ಕಕ್ಕೆ ಜಾರೋದಿಲ್ಲ. ಕಾಲಿನ ಜಾಗ ಬದಲಿಸಬೇಕಾದರೆ ಪಾದ ಸ್ವಲ್ಪ ಎತ್ತಿಯೇ ಇಡಬೇಕು. ಇದಕ್ಕೆ ಓಡೋ ಶೂ ಆಗಿಬರಲ್ಲ. ಅದರ ತಳ ಸ್ಪಂಜು, ಮೇಲಾಗಿ ಬಾಗಿರುತ್ತೆ, ಏರು ಹತ್ತುವಾಗ ಪಾದದ ನಡುವೆ ನೋವು ಬರುತ್ತೆ. ಚಪ್ಪಟೆ ರಬ್ಬರ್ ತಳದ ಕ್ಯಾನ್ವಾಸ್ ಶೂ ಅದಕ್ಕಿಂತ ಎಷ್ಟೋ ವಾಸಿ. ಇದಕ್ಕೆಂದೇ ಮಾಡಿದ ಶೂಗಳೂ ಇವೆ. ಬಂಡೆ ಹತ್ತೋರ ಶೂ ಮಾಡ್ತಿದ್ದ ಫೈವ್ ಟೆನ್ ಕಂಪನಿ ಅದೇ ಅಂಟು ರಬ್ಬರನ್ನ ಸೈಕಲ್ ಶೂಗೂ ತಂತು. 2011ರಲ್ಲಿ ಆ ಕಂಪನಿಯನ್ನ ಅಡಿಡಾಸ್ ಕೊಂಡುಕೊಳ್ತು.

ಮಲೆನಾಡಿಗೆ ಸಾದಾ ಪೆಡಲ್ ಯಾಕೆ ಒಗ್ಗುತ್ತೆ ಅಂದರೆ ಅದಕ್ಕೆ ಯಾವ ಶೂ ಆದರೂ ನಡೆಯುತ್ತೆ. ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ಗಮ್‌ಬೂಟ್ ಹಾಕಿಕೊಂಡೇ ತೋಟದ ರಸ್ತೆಯಲ್ಲಿ ಸೈಕಲ್ ಹೊಡೆದಿದ್ದೀನಿ. ನೋಡಿದವರು ನಕ್ಕಿರಬಹುದು, ಆದರೆ ಕಾಲಿಗೆ ಇಂಬಳ ಹತ್ತಲಿಲ್ಲ. ಉಣುಗೋಲು ಸರಿಸೋಕೆ ಇಳಿ, ಸೈಕಲ್ ದಾಟಿಸು, ಮತ್ತೆ ಹಾಕು, ಮತ್ತೆ ಹತ್ತು. ಇಂಥ ಕಡೆ ಶೂ ತಳದಲ್ಲಿ ಕಬ್ಬಿಣ ಇಲ್ಲದೇ ಇರೋದು ಎಷ್ಟು ಹಿತ ಅನ್ನೋದು ಎರಡನೇ ಉಣುಗೋಲಿಗೇ ಗೊತ್ತಾಗುತ್ತೆ.

ತೊಂದರೆ ಇರೋದು ಇಳಿಜಾರಲ್ಲಿ. ಸೀತಾಳಯ್ಯನಗಿರಿಯಿಂದ ಕೆಳಗೆ ಬರುವಾಗ ಟಾರು ಕಿತ್ತ ಜಾಗ ಸಿಕ್ಕರೆ ಪಾದ ಪೆಡಲ್ ಮೇಲೆ ಕುಣಿಯೋಕೆ ಶುರು ಮಾಡುತ್ತೆ. ಹಿಮ್ಮಡಿ ಕೆಳಕ್ಕೆ ಒತ್ತಿ, ಎರಡೂ ಪೆಡಲ್ ನೆಲಕ್ಕೆ ಸಮವಾಗಿ ಹಿಡಿದು, ಸೀಟಿನಿಂದ ಸ್ವಲ್ಪ ಎದ್ದು ಬರಬೇಕು. ರೂಢಿ ಆದರೆ ಕಷ್ಟವಿಲ್ಲ, ಆಗೋ ತನಕ ಪಿನ್ನು ಕಣಕಾಲಿನ ಮೂಳೆಗೆ ಗೀರೋದು ತಪ್ಪಿದ್ದಲ್ಲ.

ಟೋ ಕ್ಲಿಪ್ ಬಗ್ಗೆ ಎರಡೇ ಮಾತು. ಪೆಡಲ್ ಮುಂದೆ ಪಂಜರದ ಥರ ಇರುತ್ತಲ್ಲ, ಬೆಲ್ಟು ಬಿಗಿದುಕೊಳ್ಳೋದು. 1980ರ ದಶಕದ ತನಕ ರೇಸಿನವರೆಲ್ಲ ಅದನ್ನೇ ಬಳಸ್ತಿದ್ದರು. ಬಿಗಿಯದಿದ್ದರೆ ಹೆಚ್ಚೇನೂ ಪ್ರಯೋಜನ ಇಲ್ಲ, ಬಿಗಿದರೆ ಅವಸರಕ್ಕೆ ಕಾಲು ಬರಲ್ಲ. ಬೇಡ.

ಇನ್ನು ರೋಡ್ ಪೆಡಲ್. ಇದರ ಕಥೆ ಹಿಮದಲ್ಲಿ ಜಾರೋ ಸ್ಕೀ ಆಟದಿಂದ ಬಂದದ್ದು. ಬಿದ್ದಾಗ ಸ್ಕೀಯಿಂದ ಶೂ ತಾನೇ ಬಿಡಿಸಿಕೊಳ್ಳೋ ಹಾಗೆ ಕೊಂಡಿ ಮಾಡ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನ ಪೆಡಲ್‌ಗೆ ತಂತು. ಮರುವರ್ಷ ಬರ್ನಾರ್ಡ್ ಇನೋ ಆ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಅಲ್ಲಿಂದ ಬೆಲ್ಟಿನ ಕಾಲ ಮುಗೀತು. ಶಿಮಾನೊದ ಎಸ್‌ಪಿಡಿ-ಎಸ್‌ಎಲ್ ಕೂಡ ಇದೇ ಜಾತಿ: ಮೂರು ಬೋಲ್ಟಿನ, ಅಂಗೈ ಅರ್ಧದಷ್ಟು ಅಗಲದ ಪ್ಲಾಸ್ಟಿಕ್ ಕ್ಲೀಟ್, ಬಾಗದ ಗಟ್ಟಿ ತಳದ ಶೂ. ಕೊಂಡಿ ಪೆಡಲ್‌ನ ಒಂದೇ ಕಡೆ.

ಇದನ್ನ ನಾನು ಕೊಂಡದ್ದಲ್ಲ. ಹಾಸನದಲ್ಲಿರೋ ನಮ್ಮ ಭಾವನ ಹತ್ತಿರ ಒಂದು ಜೊತೆ ಹೆಚ್ಚಿಗೆ ಇತ್ತು, ಅವರ ಪಾದ, ನನ್ನ ಪಾದ ಒಂದೇ ಅಳತೆ. "ತಗೊಂಡು ಹೋಗಿ ತುಳಿದು ನೋಡು, ಆಮೇಲೆ ಬೇರೆ ಪೆಡಲ್ ಮುಟ್ಟಲ್ಲ ನೀನು" ಅಂದರು. ಬೇಲೂರು ರಸ್ತೆಯಲ್ಲಿ ಅವರ ಮಾತು ನಿಜ ಅನ್ನಿಸ್ತು. ಅಗಲವಾದ ಕ್ಲೀಟ್ ಮೇಲೆ ಭಾರ ಹರಡಿಕೊಳ್ಳುತ್ತೆ, ಪಾದದ ಒಂದೇ ಕಡೆ ಒತ್ತಲ್ಲ. ಶೂ ಹಗುರ. ಗಾಳಿಗೆ ಎದುರಾಗಿ ತುಳಿಯುವಾಗ ಕಾಲು ಎಲ್ಲಿಡಬೇಕು ಅನ್ನೋ ಯೋಚನೆಯೇ ಬರಲ್ಲ. ಕಾಲು ಮೇಲಕ್ಕೆಳೆದು ಶಕ್ತಿ ಗಳಿಸೋ ಮಾತನ್ನ ಮಾತ್ರ ನಾನು ನಂಬಲ್ಲ. ಕೆಲಸ ನಡೆಯೋದು ಕೆಳಕ್ಕೆ ತುಳಿಯುವಾಗಲೇ, ಏಳೋ ಕಾಲು ತನ್ನ ಭಾರ ತಾನು ಹೊತ್ತುಕೊಂಡರೆ ಸಾಕು. ಕ್ಲೀಟ್‌ನಿಂದ ನಿಜವಾಗಿ ಸಿಗೋದು ಭದ್ರತೆ. ಜೋರಾಗಿ ತುಳಿದರೂ, ಗುಂಡಿ ಹಾರಿದರೂ ಪಾದ ಇದ್ದಲ್ಲೇ ಇರುತ್ತೆ.

ಬೇಲೂರು ತಲುಪಿ ಕಾಫಿಗೆ ಇಳಿದಾಗ ಇನ್ನೊಂದು ಮುಖ ಕಾಣ್ತು. ಹೋಟೆಲಿನದು ಹಳೇ ಕಾವಿ ನೆಲ, ಆಗಷ್ಟೇ ಒರೆಸಿದ್ದರು. ಹಿಮ್ಮಡಿ ತಗ್ಗು, ಮುಂಗಾಲು ಎತ್ತರ, ಕೆಳಗೆ ನುಣುಪು ಪ್ಲಾಸ್ಟಿಕ್. ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತು ಸಿಮೆಂಟ್ ಅಂಗಳಕ್ಕೆ ಬಂದ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡು ಹೋಗಿ ಕೂತೆ. ಮಾಣಿ "ಕಾಲಿಗೇನಾಯ್ತು ಸಾರ್?" ಅಂತ ನಿಜವಾಗಲೂ ಕಾಳಜಿಯಿಂದ ಕೇಳಿದ. ಕ್ಲೀಟ್‌ಗೆ ಹಾಕೋ ರಬ್ಬರ್ ಕವರ್ ಸಿಗುತ್ತೆ, ಜೇಬಿನಲ್ಲಿಟ್ಟುಕೊಂಡಿದ್ದರೆ ಇಷ್ಟು ಪೇಚಾಟ ಇರಲ್ಲ. ಆದರೆ ಇಳಿದಾಗೆಲ್ಲ ಹಾಕು, ಹತ್ತುವಾಗ ತೆಗಿ, ಅದೇ ಒಂದು ಕೆಲಸ. ಹಾಕದೆ ಜಲ್ಲಿ ಮೇಲೆ ನಡೆದರೆ ಪ್ಲಾಸ್ಟಿಕ್ ಕ್ಲೀಟ್ ಬೇಗ ಸವೆಯುತ್ತೆ.

ಗಿರಿ ರಸ್ತೆಯಲ್ಲಿ ಈ ಪೆಡಲ್ ಪೂರ್ತಿ ಸೋಲುತ್ತೆ. ಚಿಕ್ಕಮಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಕೊನೆಯ ಭಾಗದಲ್ಲಿ ರಸ್ತೆ ಕಿರಿದು, ಏರು ಜೋರು, ತಿರುವಿನ ಆಚೆಯಿಂದ ಏನು ಬರುತ್ತೆ ಗೊತ್ತಾಗಲ್ಲ. ರಜೆ ದಿನ ಹೋದರಂತೂ ಜೀಪು, ಕಾರು, ಟಿಟಿ ಒಂದರ ಹಿಂದೆ ಒಂದು. ಪಕ್ಕಕ್ಕೆ ಸರಿದು ಕಾಲಿಡಲೇಬೇಕು. ಕಾಲಿಡೋದು ಹೇಗೋ ಆಗುತ್ತೆ, ಹೊರಡೋದೇ ಪರೀಕ್ಷೆ. ಒಂದು ಕಾಲು ಸಿಕ್ಕಿಸಿ ತುಳಿದು, ಸೈಕಲ್ ಎರಡು ಮಾರು ಹೋಗೋಷ್ಟರಲ್ಲಿ ಇನ್ನೊಂದು ಕಾಲು ಸೇರಿಸಬೇಕು. ರೋಡ್ ಪೆಡಲ್ ಹಿಂಭಾಗ ಭಾರವಾಗಿ ಜೋತುಬಿದ್ದಿರುತ್ತೆ, ಶೂ ತುದಿಯಿಂದ ಅದನ್ನ ತಿರುಗಿಸಿಕೊಳ್ಳಬೇಕು. ಸಮತಟ್ಟು ರಸ್ತೆಯಲ್ಲಿ ಅದು ಕಣ್ಣು ಮುಚ್ಚಿ ಮಾಡೋ ಕೆಲಸ. ಇಂಥ ಏರಿನಲ್ಲಿ ಒಂದು ಸಲ ಗುರಿ ತಪ್ಪಿದರೆ ಸೈಕಲ್ ನಿಂತೇ ಹೋಗುತ್ತೆ, ಸಿಕ್ಕಿಸಿದ ಕಾಲಿನ ಕಡೆಗೇ ವಾಲುತ್ತೆ. ಅಲ್ಲಿ ಸೈಕಲ್ ತಳ್ಳಿಕೊಂಡು ನಡೆಯೋಣ ಅಂದರೆ ಆ ಶೂನಲ್ಲಿ ಅದೂ ಕಷ್ಟ. ನೆತ್ತಿಯ ದೇವಸ್ಥಾನಕ್ಕೆ ಮೆಟ್ಟಿಲು ಬೇರೆ ಹತ್ತಬೇಕು. ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತೋದೇ ಸುಖ.

ಇದೇ ಏರಿನಲ್ಲಿ ಎಸ್‌ಪಿಡಿ ಅನ್ನೋ ಇನ್ನೊಂದು ಜಾತಿಯ ಕೊಂಡಿ ಪೆಡಲ್ ಬೇರೆಯೇ ಥರ ನಡೆದುಕೊಳ್ಳುತ್ತೆ. ಶಿಮಾನೊ ಇದನ್ನ 1990ರಲ್ಲಿ ಗುಡ್ಡಗಾಡಿನ ಸೈಕಲ್‌ಗೆಂದೇ ತಂತು. ಎರಡು ಬೋಲ್ಟಿನ ಸಣ್ಣ ಉಕ್ಕಿನ ಕ್ಲೀಟ್, ಹೆಬ್ಬೆರಳ ಅರ್ಧ ಉದ್ದ ಇದ್ದೀತು, ಶೂ ತಳದ ಗುಳಿಯೊಳಗೆ ಕೂತಿರುತ್ತೆ. ಸುತ್ತ ರಬ್ಬರ್ ಗೊರಸು ಇರೋದರಿಂದ ಹೆಚ್ಚುಕಮ್ಮಿ ಮಾಮೂಲಿ ಶೂ ಹಾಗೇ ನಡೆಯಬಹುದು. ಕಲ್ಲಿನ ಮೇಲೆ ಮಾತ್ರ ಟಕ್ ಟಕ್ ಸದ್ದು. ಪೆಡಲ್‌ಗೆ ಎರಡೂ ಕಡೆ ಕೊಂಡಿ, ಯಾವ ಕಡೆ ಮೇಲಿದ್ದರೂ ತುಳಿದರೆ ಕಚ್ಚುತ್ತೆ. ಕಚ್ಚದಿದ್ದರೂ ಶೂವಿನ ನಡುಭಾಗ ಇಟ್ಟು ನಾಲ್ಕು ಸುತ್ತು ತುಳಿದು, ಸೈಕಲ್ ಹದಕ್ಕೆ ಬಂದ ಮೇಲೆ ಸಿಕ್ಕಿಸಿಕೊಳ್ಳಬಹುದು. ನಾನು ತಗೊಂಡದ್ದು ಎಂ520 ಅನ್ನೋ ಪೆಡಲ್. ಜೊತೆಗೆ 380 ಗ್ರಾಂ, ಹಗುರವೇನಲ್ಲ, ನೋಡೋಕೆ ಚಂದವೂ ಇಲ್ಲ. ಆದರೆ ಕೆಸರು, ಮಳೆ, ಸೈಕಲ್ ತೊಳೆಯೋ ಪೈಪಿನ ನೀರು, ಎಲ್ಲ ತಿಂದುಕೊಂಡು ಸುಮ್ಮನೆ ತಿರುಗುತ್ತಿದೆ.

ಹೊಸಬರಿಗೆ ಇರೋ ಭಯ ಒಂದೇ, ಕಾಲು ಬಿಡಿಸಿಕೊಳ್ಳೋಕೆ ಆಗದೆ ನಿಂತಲ್ಲೇ ಬೀಳೋದು. ಅದಕ್ಕೆ ಎರಡು ದಾರಿ ಇವೆ. ಪೆಡಲ್‌ನ ಎರಡೂ ಕಡೆ ಕೊಂಡಿಯ ಬಿಗಿ ಹೆಚ್ಚುಕಮ್ಮಿ ಮಾಡೋ ಒಂದೊಂದು ಸಣ್ಣ ಆಲನ್ ಸ್ಕ್ರೂ ಇರುತ್ತೆ, ಅದನ್ನ ಪೂರ್ತಿ ಸಡಿಲ ಮಾಡಿ ಶುರು ಮಾಡಿ. ಇನ್ನೊಂದು ಕ್ಲೀಟ್‌ನ ಆಯ್ಕೆ. ಪೆಡಲ್ ಡಬ್ಬಿಯಲ್ಲಿ ಬರೋ ಕಪ್ಪು ಎಸ್‌ಎಚ್51 ಕ್ಲೀಟ್, ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ. ಬೇರೆಯಾಗಿ ಕೊಳ್ಳಬಹುದಾದ ಎಸ್‌ಎಚ್56, ಓರೆಯಾಗಿ ಮೇಲಕ್ಕೆ ಜಗ್ಗಿದರೂ ಬಿಡುತ್ತೆ. ಗಾಬರಿಯಾದವರು ಮಾಡೋದು ಅದನ್ನೇ ತಾನೆ? ನಮ್ಮ ಕಡೆ ಹೊಸದಾಗಿ ಹಾಕೋರು 56ರಿಂದಲೇ ಶುರು ಮಾಡಲಿ ಅನ್ನೋದು ನನ್ನ ಅಭಿಪ್ರಾಯ. ಏರಿನಲ್ಲಿ ಎದ್ದು ನಿಂತು ಜಗ್ಗಿ ತುಳಿಯುವಾಗ ಅಪರೂಪಕ್ಕೆ ಬಿಟ್ಟುಕೊಳ್ಳಬಹುದು, ಅಷ್ಟೇ.

ಮಳೆಗಾಲದಲ್ಲಿ ಎಸ್‌ಪಿಡಿಗೂ ತನ್ನದೇ ರಗಳೆ ಇದೆ. ಇಳಿದು ಕೆಂಪು ಮಣ್ಣು ತುಳಿದರೆ ಆ ಗುಳಿಯಲ್ಲಿ ಮಣ್ಣು ತುಂಬಿ ಕ್ಲೀಟ್ ಕಚ್ಚಲ್ಲ. ಕಾಫಿ ಕಡ್ಡಿ ಮುರಿದು ಕೆರೆದು ತೆಗೆಯಬೇಕು. ಬೋಲ್ಟ್ ತಲೆಯೊಳಗೆ ಮಣ್ಣು ಗಟ್ಟಿಯಾದರೆ ಆಲನ್ ಕೀ ಕೂರಲ್ಲ, ಬಲವಂತ ಮಾಡಿದರೆ ತಲೆ ಸವೆದು ಹೋಗುತ್ತೆ. ಕ್ಲೀಟ್ ಕೂರಿಸಿದ ದಿನವೇ ಬೋಲ್ಟಿಗೆ ಗ್ರೀಸ್ ಹಚ್ಚಿ, ತಲೆಯ ಗುಳಿಗೆ ಮೇಣದಬತ್ತಿಯ ಎರಡು ಹನಿ ಬಿಟ್ಟರೆ ಆ ತಾಪತ್ರಯ ಇಲ್ಲ. ಒದ್ದೆ ಶೂವನ್ನ ಬಚ್ಚಲೊಲೆ ಹತ್ತಿರ ಇಡೋ ಆಸೆ ಎಲ್ಲರಿಗೂ ಬರುತ್ತೆ, ಬೇಡ, ತಳದ ಅಂಟು ಬಿಡುತ್ತೆ. ಪೇಪರ್ ತುರುಕಿ ಗಾಳಿಗಿಡಿ, ರಾತ್ರಿ ಒಮ್ಮೆ ಪೇಪರ್ ಬದಲಿಸಿ.

ಒಂದು ಕಡೆ ಎಸ್‌ಪಿಡಿ, ಇನ್ನೊಂದು ಕಡೆ ಸಾದಾ ಇರೋ ಪೆಡಲ್ ಕೂಡ ತುಳಿದು ನೋಡಿದೆ. ಸಂತೆಗೂ ಗಿರಿಗೂ ಒಂದೇ ಸೈಕಲ್ ಇಟ್ಟುಕೊಂಡವರಿಗೆ ಆದೀತು. ನನಗಂತೂ ಬೇಕಾದ ಕಡೆ ಯಾವಾಗಲೂ ಕೆಳಗೇ ಇರ್ತಿತ್ತು. ಕ್ರ್ಯಾಂಕ್‌ಬ್ರದರ್ಸ್ ಎಗ್‌ಬೀಟರ್ ಅನ್ನೋ ಪೆಡಲ್ ನಾಲ್ಕೂ ಕಡೆಯಿಂದ ಕಚ್ಚುತ್ತೆ, ಕೆಸರು ನಿಲ್ಲೋಕೆ ಅದರಲ್ಲಿ ಜಾಗವೇ ಇಲ್ಲ, ಮಳೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದರ ಕ್ಲೀಟ್ ಹಿತ್ತಾಳೆಯದು, ಉಕ್ಕಿಗಿಂತ ಬೇಗ ಸವೆಯುತ್ತೆ. ಬಿಗಿ ಹೆಚ್ಚುಕಮ್ಮಿ ಮಾಡೋ ಸ್ಕ್ರೂ ಕೂಡ ಇಲ್ಲ.

ಯಾವ ಕ್ಲೀಟ್ ಹಾಕಿದರೂ ಕೂರಿಸೋದು ಸರಿಯಿಲ್ಲದಿದ್ದರೆ ಮೊಣಕಾಲು ಹೇಳುತ್ತೆ. ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಪಾದ ತಾನಾಗಿ ಯಾವ ಕಡೆ ತಿರುಗಿದೆ ನೋಡಿಕೊಳ್ಳಿ. ನನ್ನ ಎಡಗಾಲು ನೇರ, ಬಲಗಾಲು ಸ್ವಲ್ಪ ಹೊರಕ್ಕೆ. ಪೆಡಲ್‌ಗೆ ಕಚ್ಚಿಕೊಂಡ ಮೇಲೂ ಪಾದ ಹಾಗೇ ಇರೋ ಥರ ಕ್ಲೀಟ್ ಕೂರಿಸಬೇಕು. ಆಮೇಲೆ ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಉಬ್ಬಿದ ಮೂಳೆ ಒತ್ತಿ ನೋಡಿ, ಅಲ್ಲಿಗೆ ಪೆನ್ನಿನಿಂದ ಗುರುತು ಮಾಡಿ. ಪೆಡಲ್‌ನ ಅಚ್ಚು ಆ ಗುರುತಿನ ಕೆಳಗೆ, ಇಲ್ಲಾ ಒಂದಿಷ್ಟು ಹಿಂದಕ್ಕೆ ಬರಲಿ. ದೂರದ ಸವಾರಿಯಲ್ಲಿ ಬೆರಳು ಜೋಮು ಹಿಡಿದರೆ ಕ್ಲೀಟ್ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ. 200 ಕಿಲೋಮೀಟರ್ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡೋರಿಗೆ ಹದಿಮೂರೂವರೆ ಗಂಟೆ ಗಡುವು, ಅಷ್ಟು ಹೊತ್ತು ತುಳಿಯೋ ಕಾಲಿಗೆ ಈ ಎರಡು ಮಿಲಿಮೀಟರ್ ದೊಡ್ಡದೇ.

ರೋಡ್ ಕ್ಲೀಟ್ ಕೊಳ್ಳೋರು ಬಣ್ಣ ನೋಡಿ ಮೋಸ ಹೋಗಬೇಡಿ. ಕಚ್ಚಿಕೊಂಡ ಮೇಲೂ ಪಾದ ಎಷ್ಟು ಅಲ್ಲಾಡಬಹುದು ಅನ್ನೋದನ್ನ ಬಣ್ಣದಲ್ಲಿ ತೋರಿಸ್ತಾರೆ. ಶಿಮಾನೊದಲ್ಲಿ ಹಳದಿ 6 ಡಿಗ್ರಿ, ನೀಲಿ 2, ಕೆಂಪು ಸೊನ್ನೆ. ಲುಕ್ ಕಿಯೋದಲ್ಲಿ ಕೆಂಪು 9 ಡಿಗ್ರಿ, ಬೂದು 4.5, ಕಪ್ಪು ಸೊನ್ನೆ. ಅಂದರೆ ಒಬ್ಬರ ಕೆಂಪು ಕಾಲನ್ನ ಅಲ್ಲಾಡೋಕೆ ಬಿಡಲ್ಲ, ಇನ್ನೊಬ್ಬರ ಕೆಂಪು ಎಲ್ಲಕ್ಕಿಂತ ಹೆಚ್ಚು ಬಿಡುತ್ತೆ.

ಈಗ ನನ್ನ ಸೈಕಲ್‌ನಲ್ಲಿ ಆರಿದ್ರಾದಿಂದ ಮಳೆ ಹಿಂದೆಗೆಯೋ ತನಕ ಪಿನ್ನಿನ ಸಾದಾ ಪೆಡಲ್, ಉಳಿದ ಕಾಲಕ್ಕೆ ಎಸ್‌ಪಿಡಿ. ಭಾವನ ಪೆಡಲ್ ಹಾಸನಕ್ಕೆ ವಾಪಸ್ ಹೋಯ್ತು. "ನಿಮ್ಮೂರ ರಸ್ತೆ ಸರಿಯಿಲ್ಲ ಬಿಡು" ಅನ್ನೋದು ಅವರ ತೀರ್ಪು. ಬರೀ ಬೇಲೂರು, ಹಳೇಬೀಡು, ಕಡೂರು ಕಡೆ ಟಾರು ರಸ್ತೆಯಲ್ಲಿ ವೇಗವಾಗಿ ಹೋಗೋರಾದರೆ ಭಾವನ ಮಾತು ಕೇಳಿ. ಹಿರೇಕೊಳಲೆ ಕೆರೆ ತನಕ ಹೋಗಿ ಬರೋರಿಗೆ, ಊರೊಳಗೆ ಓಡಾಡೋರಿಗೆ, ಮಕ್ಕಳಿಗೆ ಕ್ಲೀಟಿನ ಗೋಜೇ ಬೇಡ.

ಪೆಡಲ್ ಬದಲಿಸುವಾಗ ಎಡಗಡೆಯದರ ಮರೆ, ಅಂದರೆ ಸ್ಕ್ರೂವಿನ ಸುತ್ತು, ಉಲ್ಟಾ ಅನ್ನೋದು ನೆನಪಿರಲಿ. ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚುತ್ತೆ. ಹಾಕುವಾಗ ಮರೆಗೆ ಗ್ರೀಸ್ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಕಚ್ಚಿಕೊಂಡು ಬಿಡುತ್ತೆ. ಎಸ್‌ಪಿಡಿಗೆ ಹೋಗೋರು ದುಡ್ಡನ್ನ ಪೆಡಲ್‌ಗಿಂತ ಶೂಗೆ ಹೆಚ್ಚು ಹಾಕಿ. ವಿದೇಶಿ ಅಳತೆಯ ಶೂ ಮುಂದುಗಡೆ ಕಿರಿದು, ಬರಿಗಾಲಲ್ಲಿ ಬೆಳೆದ ನಮ್ಮ ಅಗಲ ಪಾದಕ್ಕೆ ಬಿಗಿಯಾಗುತ್ತೆ. ಹಾಕಿ ನೋಡೋದಾದರೆ ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ. ಪೆಡಲ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ, ಕ್ಲೀಟ್ ಮಾತ್ರ ಹೊಸದೇ ಇರಲಿ.