ಕೈತೋಟಕ್ಕೆ ತಂದ ತಂತಿಯ ಇಲಿಬೋನು: ಮೂರು ತಿಂಗಳ ಬಳಕೆಯ ನಂತರ

ಬಿತ್ತಿದ ಬಟಾಣಿ ಮೊಳೆಯುವ ಮುನ್ನವೇ ಮಣ್ಣಿನಿಂದ ಮಾಯವಾಗುತ್ತಿತ್ತು, ಟೊಮೆಟೊಗಳು ಕೆಂಪಾಗುವ ಮೊದಲೇ ಅರೆಬರೆ ಕಚ್ಚಿಸಿಕೊಂಡು ಉದುರುತ್ತಿದ್ದವು, ಕಾಂಪೋಸ್ಟ್ ತೊಟ್ಟಿಯ ಬುಡದಲ್ಲಿ ಹೊಸ ಬಿಲವೊಂದು ಬಾಯ್ತೆರೆದಿತ್ತು. ಆಗ ನಾನು ಕೊಂಡದ್ದು ಒಂದೇ ಬಾಗಿಲಿನ, ತಂತಿಜಾಲರಿಯ ಸಾಧಾರಣ ಇಲಿಬೋನು.

ಇಲಿಪಾಷಾಣವನ್ನು ನಾನು ಬೇಕೆಂದೇ ದೂರವಿಟ್ಟೆ. ಬ್ರೋಮಾಡಿಯೋಲೋನ್‌ನಂತಹ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ನಿತ್ರಾಣವಾಗಿ ಅಲೆದಾಡುತ್ತದೆ. ಆ ಅವಧಿಯಲ್ಲಿ ಅದನ್ನು ಹಿಡಿದು ತಿನ್ನುವ ಗೂಬೆಗೂ ಬೆಕ್ಕಿಗೂ ಅದೇ ವಿಷ ತಗಲುತ್ತದೆ. ನಮಗಿಂತ ಚೆನ್ನಾಗಿ ಇಲಿ ಹಿಡಿಯಬಲ್ಲ ಗೂಬೆಗೆ ಕುತ್ತು ತರುವ ಉಪಾಯಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಅಂಟಿನ ಹಲಗೆಯಂತೂ ಹಲ್ಲಿ, ಓತಿಕೇತ, ಪುಟ್ಟ ಹಕ್ಕಿಗಳನ್ನೂ ಹಿಡಿದು ನರಳಿಸುತ್ತದೆ.

ಮೊದಲ ಐದು ರಾತ್ರಿ ಬೋನು ಖಾಲಿಯಾಗಿಯೇ ಇತ್ತು. ತಪ್ಪು ಬೋನಿನದಲ್ಲ, ನನ್ನದು. ತಾನು ಓಡಾಡುವ ಜಾಗದಲ್ಲಿ ಹೊಸ ವಸ್ತುವೊಂದು ಕಂಡರೆ ಇಲಿ ಹಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಬಯಲಿಗಿಂತ ಗೋಡೆಯ ಬುಡ ಹಿಡಿದೇ ಓಡುತ್ತದೆ. ಬೋನಿನ ಜೊತೆಗಿದ್ದ ಸೂಚನಾ ಚೀಟಿಯಲ್ಲಿ ಈ ಎರಡು ವಿಷಯಗಳೂ ಇರಲಿಲ್ಲ, ಅದು ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ. ಪಾತಿಯ ನಡುವಿನಿಂದ ಬೋನನ್ನು ಎತ್ತಿ ಗೋಡೆಗೆ ತಾಗಿಸಿಟ್ಟು, ಮೇಲೊಂದು ಗೋಣಿತಾಟು ಹೊದಿಸಿ, ಬಾಗಿಲು ಬೀಳದಂತೆ ಕಟ್ಟಿ, ನಾಲ್ಕು ರಾತ್ರಿ ಬರಿದೇ ಕಡಲೆಕಾಯಿ ಬೀಜವನ್ನು ತಿನ್ನಲು ಬಿಟ್ಟೆ. ಐದನೆಯ ರಾತ್ರಿ ಕಟ್ಟು ಬಿಚ್ಚಿದೆ, ಬೆಳಗ್ಗೆ ದೊಡ್ಡದೊಂದು ಇಲಿ ಒಳಗಿತ್ತು. ಮುಂದಿನ ಎರಡು ವಾರಗಳಲ್ಲಿ ಇನ್ನೂ ಆರು ಸಿಕ್ಕವು.

ಕೊರತೆಗಳೂ ಇವೆ. ಜಾಲರಿಯ ಕಣ್ಣು ದೊಡ್ಡದಾದ್ದರಿಂದ ಮರಿಗಳು ನುಸುಳಿ ಹೋಗುತ್ತವೆ. ಆಮಿಷ ಸಿಕ್ಕಿಸುವ ಕೊಕ್ಕೆ ಸಡಿಲ; ಬೀಜವನ್ನು ತೆಳುತಂತಿಯಿಂದ ಬಿಗಿದ ಮೇಲೆಯೇ ಬಾಗಿಲು ಸರಿಯಾಗಿ ಬೀಳತೊಡಗಿತು. ಎರಡು ಮಳೆಗೆ ಸ್ಪ್ರಿಂಗ್ ತುಕ್ಕು ಹಿಡಿಯಿತು, ಎಣ್ಣೆ ಹಾಕುತ್ತಿರಬೇಕು. ಹಿಡಿ ಜಾಲರಿಗೆ ತೀರ ಹತ್ತಿರವಿರುವುದರಿಂದ ದಪ್ಪ ಕೈಗವಸಿಲ್ಲದೆ ಎತ್ತಬಾರದು. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಹರಡಬಹುದಾದ್ದರಿಂದ ಪ್ರತಿ ಸಲವೂ ಬೋನನ್ನು ಸೋಪುನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸುತ್ತೇನೆ.

ಆದರೆ ಬೋನೊಂದರಿಂದಲೇ ತೋಟ ಉಳಿಯಿತೆಂದು ಹೇಳಲಾರೆ. ಹೆಣ್ಣಿಲಿ ಸುಮಾರು ಮೂರು ವಾರ ಗರ್ಭ ಧರಿಸಿ ಒಮ್ಮೆಗೇ ಹಲವು ಮರಿ ಹಾಕುವುದರಿಂದ, ತಿನ್ನಲು ಸಿಗುತ್ತಿರುವವರೆಗೆ ಹಿಡಿದಷ್ಟೂ ಹೊಸವು ತುಂಬಿಕೊಳ್ಳುತ್ತವೆ. ಕಾಂಪೋಸ್ಟ್ ತೊಟ್ಟಿಗೆ ಬೇಯಿಸಿದ ಆಹಾರ ಹಾಕುವುದನ್ನು ನಿಲ್ಲಿಸಿ, ಅದರ ಅಡಿಗೆ 6 ಮಿಲಿಮೀಟರ್ ಕಣ್ಣಿನ ಗಟ್ಟಿ ಜಾಲರಿ ಹಾಸಿದ ಮೇಲೆಯೇ ಹಿಕ್ಕೆಗಳು ಕಾಣುವುದು ನಿಂತಿತು.

ದಿನವೂ ಬೆಳಗ್ಗೆ ತಪ್ಪದೆ ನೋಡಬಲ್ಲವರಿಗೆ ಈ ಬೋನನ್ನು ಧೈರ್ಯವಾಗಿ ಹೇಳುತ್ತೇನೆ; ಊರಿಗೆ ಹೋಗುವವರು ಬಾಗಿಲನ್ನು ಬೀಳದಂತೆ ಕಟ್ಟಿಯೇ ಹೋಗಬೇಕು, ಇಲ್ಲವಾದರೆ ಒಳಗೆ ಸಿಕ್ಕ ಪ್ರಾಣಿ ನೀರಿಲ್ಲದೆ ಬಿಸಿಲಿಗೆ ಬೆಂದು ಸಾಯುತ್ತದೆ. ಸಿಕ್ಕ ಇಲಿಯನ್ನು ಏನು ಮಾಡುವುದೆಂಬುದನ್ನೂ ಕೊಳ್ಳುವ ಮೊದಲೇ ನಿರ್ಧರಿಸಿಕೊಳ್ಳಿ. ಬೇರೊಬ್ಬರ ತೋಟದ ಬೇಲಿಯಾಚೆ ಬಿಟ್ಟುಬರುವುದು ಪರಿಹಾರವಲ್ಲ.