ನೀಲಿ ಪೆಪ್ಟೈಡ್ ಕ್ರೀಮಿಗೆ ದುಡ್ಡು ಕೊಡುವ ಮುನ್ನ ಡಬ್ಬಿಯ ಸ್ಟಿಕ್ಕರ್ ಕಿತ್ತು ನೋಡಿ

ಮುಖದ ಸುಕ್ಕು ಹೋಗಿಸುವ ಪೆಪ್ಟೈಡ್ ಕ್ರೀಮ್ ಎಂದು ಮೂರು ಡಬ್ಬಿಗಳ ಪ್ಯಾಕೇಜ್ ಮಾರುವವರು ಮೈಸೂರಿನ ಒಂದು ಮಾಲಿನಲ್ಲಿ ಕುಳಿತಿದ್ದಾರೆ. ನಿಮ್ಮ ಊರಿನಲ್ಲೂ ಇರಬಹುದು. ನನ್ನಿಂದ 14,400 ರೂಪಾಯಿ ಕಿತ್ತುಕೊಂಡರು. ಸಿಟ್ಟು ಇನ್ನೂ ಇಳಿದಿಲ್ಲ.

ಇಂಥ ಮಳಿಗೆಗಳಲ್ಲಿ ಹೇಗೆ ಮಾತನಾಡಿಸುತ್ತಾರೆಂದು ನಿಮಗೆ ಗೊತ್ತೇ ಇದೆ. ಮೊದಲು ಸ್ಟೂಲು, ಆಮೇಲೆ ಭೂತಗನ್ನಡಿ, ಆಮೇಲೆ 'ಅಯ್ಯೋ ಮೇಡಂ, ಕಣ್ಣಿನ ಕೆಳಗೆ ಇಷ್ಟೊಂದು ಗೆರೆಯೇ' ಎಂಬ ಕನಿಕರ. ಮಾರಾಟದ ಹುಡುಗಿ ನನ್ನ ಎಡಗಣ್ಣಿನ ಕೆಳಗೆ ಏನೋ ಜೆಲ್ ಹಚ್ಚಿ ಬೀಸಣಿಗೆಯಿಂದ ಗಾಳಿ ಹಾಕಿದಳು. ಕ್ಷಣದಲ್ಲಿ ಗೆರೆ ಮಾಯ! ಮನೆಗೆ ಬಂದು ನಕ್ಕಾಗ ಅದೇ ಜಾಗದಿಂದ ಬಿಳಿ ಹುಡಿ ಉದುರಿತು. ಸಿಲಿಕೇಟ್ ಇರುವ ಜೆಲ್ ಒಣಗುವಾಗ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ, ಮುಖ ತೊಳೆದರೆ ಎಲ್ಲ ಮೊದಲಿನಂತೆ. ಅದಕ್ಕೂ ಪೆಪ್ಟೈಡಿಗೂ ಸಂಬಂಧವೇ ಇಲ್ಲ. ತೋರಿಸಿದ್ದು ಆ ಜೆಲ್, ಮಾರಿದ್ದು ಬೇರೆ ಕ್ರೀಮ್!

ಕ್ರೀಮ್ ತಿಳಿನೀಲಿ. 'ಬಣ್ಣ ನೋಡಿ ಮೇಡಂ, ಅಪ್ಪಟ ತಾಮ್ರದ ಪೆಪ್ಟೈಡ್, ಹತ್ತು ಪರ್ಸೆಂಟ್' ಎಂದಳು. ತಾಮ್ರ ಸೇರಿದ ಪೆಪ್ಟೈಡ್ ನೀಲಿಯಾಗಿರುವುದು ನಿಜ. ಅರ್ಧ ನಿಜ ಹೇಳಿಯೇ ಇವರು ಗೆಲ್ಲುವುದು.

ಬೆಳಿಗ್ಗೆ, ರಾತ್ರಿ ತಪ್ಪದೆ ಹಚ್ಚಿದೆ. ಗೆರೆಗಳು ಇದ್ದಲ್ಲೇ ಇದ್ದವು. ಒಂದು ದಿನ ಬಚ್ಚಲಿನ ಹಬೆಗೆ ಡಬ್ಬಿಯ ಬಂಗಾರ ಬಣ್ಣದ ಸ್ಟಿಕ್ಕರಿನ ಅಂಚು ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಇರುವೆ ಸಾಲಿನಂತೆ ಪದಾರ್ಥಗಳ ಪಟ್ಟಿ: ನೀರು, ಗ್ಲಿಸರಿನ್, ಮಿನರಲ್ ಆಯಿಲ್, ಇನ್ನೇನೇನೋ, ಫೀನಾಕ್ಸಿಎಥನಾಲ್, ಸುಗಂಧ, ಕಟ್ಟಕಡೆಗೆ ಕಾಪರ್ ಟ್ರೈಪೆಪ್ಟೈಡ್-1. ಅದರ ಪಕ್ಕದಲ್ಲೇ ಸಿಐ 42090. ಮೊಬೈಲಿನಲ್ಲಿ ಹುಡುಕಿದೆ. ಬ್ರಿಲಿಯಂಟ್ ಬ್ಲೂ. ಮಿಠಾಯಿಗೆ ಹಾಕುವ ಬಣ್ಣ! ನಾನು ದಿನವೂ ಬೆಳಕಿಗೆ ಹಿಡಿದು ಮೆಚ್ಚಿಕೊಳ್ಳುತ್ತಿದ್ದ ನೀಲಿ ಅದು. ಬಚ್ಚಲಿನಲ್ಲಿ ಒಬ್ಬಳೇ ನಿಂತಿದ್ದರೂ ನಾಚಿಕೆಯಾಯಿತು.

ಆ ಹತ್ತು ಪರ್ಸೆಂಟಿನ ಕತೆಯೂ ಅಷ್ಟೇ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಕ್ರೀಮ್ ಕೆಡದಂತೆ ಹಾಕುವ ಫೀನಾಕ್ಸಿಎಥನಾಲ್ ಶೇ 1ನ್ನು ಮೀರುವಂತಿಲ್ಲ. ಅದಕ್ಕಿಂತ ಕೆಳಗೆ ಬರೆದ ಪೆಪ್ಟೈಡ್ ಶೇ 10 ಇರುವುದು ಹೇಗೆ?

ಮಳಿಗೆಗೆ ಫೋನ್ ಮಾಡಿ ಇದನ್ನೇ ಕೇಳಿದೆ. 'ಹತ್ತು ಪರ್ಸೆಂಟ್ ಎಂದರೆ ಪೆಪ್ಟೈಡ್ ದ್ರಾವಣ ಮೇಡಂ.' ಆ ದ್ರಾವಣದಲ್ಲಿ ಪೆಪ್ಟೈಡ್ ಎಷ್ಟು? 'ಅದು ಕಂಪನಿಯ ಗುಟ್ಟು.' ಮತ್ತೆ ಬಣ್ಣ ಯಾಕೆ? 'ಗ್ರಾಹಕರಿಗೆ ನೀಲಿಯೇ ಇಷ್ಟ.' ಹಾಗಾದರೆ ದುಡ್ಡು ಹಿಂದಿರುಗಿಸಿ. 'ಪೂರ್ತಿ 90 ದಿನ ಹಚ್ಚಬೇಕು. ವಾಪಸಾತಿ 7 ದಿನದೊಳಗೆ ಮಾತ್ರ, ಅದೂ ಸೀಲ್ ಒಡೆಯದಿದ್ದರೆ.' ಫಲಿತಾಂಶ ತೊಂಬತ್ತಕ್ಕೆ, ವಾಪಸಾತಿ ಏಳಕ್ಕೆ! ಕೊನೆಗೆ ಹೇಳಿದ ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ: 'ಈ ವಯಸ್ಸಿಗೆ ಇನ್ನೆಷ್ಟು ಬೇಕು ಮೇಡಂ?'

ಆಮೇಲೆ ಚರ್ಮವೈದ್ಯರ ಬಳಿ ಹೋದೆ. ಅವರು ಪೆಪ್ಟೈಡ್ ಪೂರ್ತಿ ಸುಳ್ಳೆನ್ನಲಿಲ್ಲ. ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಗಳು ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನ್ ತಯಾರಿಸುವಂತೆ ಚರ್ಮದ ಕೋಶಗಳಿಗೆ ಸೂಚನೆ ಕೊಡಬಲ್ಲವು. ತೊಡಕಿರುವುದು ಒಳಹೋಗುವುದರಲ್ಲಿ. 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ ಇದು) ದೊಡ್ಡ ಅಣುಗಳು ಚರ್ಮದ ಹೊರಪದರವನ್ನು ದಾಟುವುದು ಕಷ್ಟ. ಅದಕ್ಕೇ ಕೆಲವಕ್ಕೆ ಕೊಬ್ಬಿನ ಬಾಲ ಅಂಟಿಸುತ್ತಾರೆ, ಪಾಲ್ಮಿಟಾಯ್ಲ್ ಎಂದು ಬರೆದಿರುವುದು ಅದನ್ನೇ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 93 ಮಹಿಳೆಯರು 12 ವಾರ ಅಂಥದ್ದೊಂದನ್ನು ಅರ್ಧ ಮುಖಕ್ಕೆ ಹಚ್ಚಿದ್ದರು. ಸಣ್ಣ ಗೆರೆಗಳು ಸ್ವಲ್ಪ ತಗ್ಗಿದವು. ಅದರಲ್ಲಿದ್ದ ಪೆಪ್ಟೈಡ್ ಬರೀ 3 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಮೂರು ಪಾಲು. ಹತ್ತು ಪರ್ಸೆಂಟ್ ಎಂಬ ಬಡಾಯಿಗೆ ಆ ಕಡೆಯಿಂದಲೂ ಅರ್ಥವಿಲ್ಲ! ಇಂಥ ಕ್ರೀಮುಗಳನ್ನು 'ಸೂಜಿಯಿಲ್ಲದ ಬೊಟಾಕ್ಸ್' ಎಂದು ಹೊಗಳುವುದಕ್ಕಂತೂ ವೈದ್ಯರು ನಕ್ಕೇಬಿಟ್ಟರು. ಬೊಟಾಕ್ಸ್ ಹೋಗುವುದು ಸ್ನಾಯುವಿಗೆ, ಕ್ರೀಮ್ ಕೂರುವುದು ಮೇಲೆ. ನನಗೆ ಬರೆದುಕೊಟ್ಟದ್ದು ಸನ್‌ಸ್ಕ್ರೀನ್ ಮತ್ತು ರಾತ್ರಿಗೆ ಟ್ರೆಟಿನಾಯಿನ್ ಎಂಬ, ವಿಟಮಿನ್ ಎ ಜಾತಿಯ ಹಚ್ಚುವ ಔಷಧ. ಚೀಟಿಯಿಲ್ಲದೆ ಅದನ್ನು ಕೊಳ್ಳಬೇಡಿ, ಗರ್ಭಿಣಿಯರು ಮುಟ್ಟಲೇಬೇಡಿ.

ಮೂರು ಡಬ್ಬಿ ಒಟ್ಟಿಗೆ ಕೊಳ್ಳಬೇಡಿ. ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಕಾಣದಿದ್ದರೆ ಸ್ಟೂಲಿನಿಂದ ಎದ್ದುಬಿಡಿ. ಬಿಲ್ ಜೋಪಾನವಾಗಿಡಿ. ಮನೆಯವರಿಗೆ ಎರಡು ಸಾವಿರದ ಕ್ರೀಮ್ ಎಂದು ಹೇಳಿದ್ದೆ. ಬಿಲ್ ಹುಡುಕುವಾಗ ಅದು ಅವರ ಕೈಗೇ ಸಿಕ್ಕಿತು, ಆ ಮಾತು ಬೇಡ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದು ತಿಳಿದ ಮೇಲೆ ಮಳಿಗೆಯಿಂದ ವಾಟ್ಸಾಪ್ ಬಂತು: ಸೀಲ್ ಒಡೆಯದ ಎರಡು ಡಬ್ಬಿ ತಂದುಕೊಟ್ಟರೆ ಬದಲಿಗೆ ಕೂದಲಿನ ಎಣ್ಣೆ ಕೊಡುತ್ತಾರಂತೆ. ದೂರು ಹಿಂಪಡೆದಿಲ್ಲ.